ಕಡಿತಕ್ಕೆ ಮುಂಚಿನ ಸಂಬಳ

ಹತ್ತರಿಂದ ಗುಣಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ. ಕೊನೆಗೆ ಒಂದು ಸೊನ್ನೆ ಇಟ್ಟರೆ ಮುಗಿಯಿತು. ಭಾಲ್ಕಿಯ ಚರ್ಚಿನ ಮೂರನೆಯ ಬೆಂಚಿನಲ್ಲಿ ಅಕ್ಕನ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೆ. ನನ್ನ ತಲೆ ನನ್ನನ್ನು ಕೇಳದೆಯೇ ಆ ಸೊನ್ನೆ ಇಟ್ಟುಬಿಟ್ಟಿತು.

"ಸುವಾರ್ತಿಕ ಪ್ರಭುದಾಸರ ಮಗ ಮಾರ್ಕ, ಸದ್ಯ ಬೀದರ. ಅಕ್ಟೋಬರ ತಿಂಗಳ ದಶಮಾಂಶ, ಏಳು ಸಾವಿರದ ನಾಲ್ಕು ನೂರು," ಎಂದು ಪಾಸ್ಟರು ಓದಿದರು.

ಎಪ್ಪತ್ತನಾಲ್ಕು ಸಾವಿರ.

ದುಡಿದದ್ದರ ಹತ್ತರಲ್ಲಿ ಒಂದು ಪಾಲು ದೇವರಿಗೆ ಕೊಡುವುದು ನಮ್ಮಲ್ಲಿ ಅಜ್ಜಂದಿರ ಕಾಲದ ನಡೆ. ಲಕೋಟೆಗೆ ಹಾಕಿ, ಅಂಟಿಸಿ, ಕಾಣಿಕೆಯ ತಟ್ಟೆಯಲ್ಲಿಡುತ್ತೇವೆ. ಬೀದರಿನ ಚಿದ್ರಿಯ ನಮ್ಮ ಸಭೆಯಲ್ಲಿ ಲಕೋಟೆಯ ಮೇಲೆ ಹೆಸರೂ ಇರುವುದಿಲ್ಲ, ನಂಬರು ಇರುತ್ತದೆ. ನನ್ನದು ಅರವತ್ತೊಂದು. ಭಾಲ್ಕಿಗೆ ಈ ವರ್ಷ ಹೊಸ ಪಾಸ್ಟರು ಬಂದಿದ್ದರು. ಅವರಿಗೆ ಕಂಪೌಂಡ್ ಗೋಡೆ ಎಬ್ಬಿಸಬೇಕಾಗಿತ್ತು, ಹೆಸರು ಹಿಡಿದು ಓದಿದರೆ ಕೈ ಬಿಗಿಹಿಡಿದವರೂ ಕೊಡುತ್ತಾರೆ ಎಂದು ಅವರ ಲೆಕ್ಕ. ಸುಗ್ಗಿ ಹಬ್ಬದ ಆ ಭಾನುವಾರವೇ ಮೊದಲ ಸಲ ಓದಿದ್ದು. ನನ್ನ ಪಕ್ಕದಲ್ಲಿದ್ದ ಅಕ್ಕ ಎಲಿಜಬೆತ, ಇಲ್ಲಿನ ದವಾಖಾನೆಯಲ್ಲಿ ನರ್ಸು, ನನ್ನ ಕಿವಿಗೆ ಬಾಯಿ ಹತ್ತಿಸಿ ಹೇಳಿದಳು: "ಮಾರ್ಕಣ್ಣ ದೊಡ್ಡ ಮನಷ್ಯಾ ಆಗ್ಯಾನಲ್ಲ. ನಿಮ್ ಕಂಪನಿ ಛಲೋ ನಡದಾದೇನು?"

ನಾನು ಕೂಸಿನ ಟೊಪ್ಪಿಗೆ ಸರಿಮಾಡಿದೆ. ಅದರ ದೀಕ್ಷಾಸ್ನಾನಕ್ಕೆಂದೇ ಬಂದಿದ್ದೆ. ಶಾಲೋಮ ಎಂದು ಹೆಸರಿಟ್ಟಿದ್ದರು. ನೀರು ಬಿದ್ದಾಗ ಅಳದ ಕೂಸು ಈಗ ಅಳತೊಡಗಿತು. ನಾನು ಅದರ ತೊಡೆಯನ್ನು ಗಟ್ಟಿಯಾಗಿ ಹಿಡಿದಿದ್ದೆನೆಂದು ಆಮೇಲೆ ಗೊತ್ತಾಯಿತು.

ಮೊದಲ ಸಾಲಿನಲ್ಲಿ ಮಾರ್ಕಣ್ಣ ತಲೆ ತಗ್ಗಿಸಿ ಕೂತಿದ್ದ. ವಿನಯದಿಂದ ತಗ್ಗಿಸಿದ್ದನೋ ಬೇರೆ ಯಾವುದರಿಂದಲೋ, ಹಿಂದಿನಿಂದ ನೋಡಿದರೆ ಕುತ್ತಿಗೆ ಒಂದೇ ತರಹ ಕಾಣುತ್ತದೆ.

ಬೀದರಿನ ಹೊರಗಿನ ಕೊಳಾರದ ಫ್ಯಾಕ್ಟರಿಯಲ್ಲಿ ನಾವು ಮೂವತ್ತೆಂಟು ಹೆಂಗಸರು ಸೋಪು ಪ್ಯಾಕ್ ಮಾಡುತ್ತೇವೆ. ಹೋಟೆಲಿನ ರೂಮುಗಳಲ್ಲಿ ಇಡುತ್ತಾರಲ್ಲ, ಬೆಂಕಿಪೊಟ್ಟಣಕ್ಕಿಂತ ಸಣ್ಣ ಸೋಪು, ಅವು. ನಮ್ಮಲ್ಲಿ ಯಾರೂ ಅಂಥ ರೂಮಿನಲ್ಲಿ ಮಲಗಿದವರಲ್ಲ. "ಇಷ್ಟ ಸಣ್ಣ ಸೋಪಿನಾಗ ಏನ್ ತೊಳಕೋತಾರವ್ವಾ, ಬರೇ ಮೂಗೇನ?" ಎಂದು ಕೌಸಲ್ಯಾಬಾಯಿ ವಾರಕ್ಕೊಮ್ಮೆಯಾದರೂ ಕೇಳುತ್ತಾಳೆ, ನಾವು ವಾರಕ್ಕೊಮ್ಮೆಯಾದರೂ ನಗುತ್ತೇವೆ. ಮಾರ್ಕಣ್ಣ ನಮ್ಮ ಪ್ಯಾಕಿಂಗಿನ ಇನ್‌ಚಾರ್ಜ್. ಗೇಟಿನ ಒಳಗೆ ಅವನು ಸರ್, ಹೊರಗೆ ಅಣ್ಣ. ಮನೆ ಚಿದ್ರಿಯಲ್ಲಿ, ನಮ್ಮ ಓಣಿಯ ಮುಂದಿನ ಓಣಿ. ಸಭೆಯ ಸದಸ್ಯತ್ವ ಮಾತ್ರ ತಂದೆ ಸುವಾರ್ತೆ ಸಾರಿದ ಭಾಲ್ಕಿಯಲ್ಲೇ ಉಳಿಸಿಕೊಂಡಿದ್ದ.

ಕೊರೊನಾ ಬಂತು. ಹೋಟೆಲುಗಳು ಮುಚ್ಚಿದವು. ಮೂಗು ತೊಳೆದುಕೊಳ್ಳುವವರು ಮನೆಯಲ್ಲೇ ಉಳಿದರು. ಗೋಡೌನಿನ ಚಾವಣಿಯ ತನಕ ಸೋಪಿನ ಪೆಟ್ಟಿಗೆಗಳು ಏರಿದವು. ಒಂದು ದಿನ ಮಾರ್ಕಣ್ಣ ನಮ್ಮನ್ನೆಲ್ಲ ಕ್ಯಾಂಟೀನಿನಲ್ಲಿ ಕೂಡಿಸಿದ. ಮಾಲಕರು ಎರಡು ದಾರಿ ಕೊಟ್ಟಿದ್ದಾರೆ ಎಂದ. ಅರ್ಧ ಜನ ಮನೆಗೆ ಹೋಗಬೇಕು, ಇಲ್ಲವೆ ಎಲ್ಲರೂ ತಿಂಗಳಿಗೆ ನಾಲ್ಕು ಸಾವಿರ ಬಿಡಬೇಕು. ಆಗ ನಮ್ಮ ಪಗಾರ ಹದಿನೈದೂವರೆ ಸಾವಿರ.

"ನಿಮಗಷ್ಟೇ ಅಲ್ಲ," ಎಂದ ಮಾರ್ಕಣ್ಣ. "ನನಗ ನಲವತ್ತೈದಿತ್ತು, ಮೂವತ್ತೆರಡಕ್ಕ ಇಳಿಸ್ಯಾರ. ಆರ್ಡರ್ ವಾಪಸ್ ಬಂದ ದಿನ ಮೊದಲು ನಿಮ್ಮದು ಬರ್ತದ. ನಿಮ್ಮ ನಾಲ್ಕು ಸಾವಿರ ಬರೂತನಕ ನಂದು ನಾ ತಗೊಳ್ಳಂಗಿಲ್ಲ. ಇದು ನನ್ನ ಮಾತು."

ಆಮೇಲೆ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದ. ಲಿಂಗ ಕಟ್ಟಿಕೊಂಡವರೂ ಬುರ್ಖಾದವರೂ ಕಣ್ಣು ಮುಚ್ಚಿದರು. ಕಣ್ಣು ಮುಚ್ಚಿದಾಗ ಎಲ್ಲರೂ ಒಂದೇ ಎಂದು ಅವತ್ತು ನನಗೆ ಅನ್ನಿಸಿತ್ತು, ಅದನ್ನು ಮನೆಗೆ ಹೋಗಿ ಗಂಡ ಜಾನಿಗೆ ಹೇಳಿದ್ದೆ ಕೂಡ.

ಮುಂದಿನ ತಿಂಗಳ ಸ್ಲಿಪ್ಪಿನಲ್ಲಿ ಒಂದು ಸಾಲು ಮಾಯವಾಗಿತ್ತು. ಆಗ ಹದಿನೈದು ಸಾವಿರ ಮುಟ್ಟಿದವರಿಗೆ ತಿಂಗಳಿಗೆ ಇನ್ನೂರು ವೃತ್ತಿ ತೆರಿಗೆ ಕಡಿಯುತ್ತಿದ್ದರು. ಹನ್ನೊಂದೂವರೆಗೆ ಇಳಿದ ನಮಗೆ ಅದು ಬೀಳಲಿಲ್ಲ. ಆಫೀಸಿನ ಅವಿನಾಶ ಸರ್, ಎಚ್‌ಆರ್, ಸ್ಲಿಪ್ಪು ಹಂಚುತ್ತ, "ನೋಡ್ರಿ, ಇನ್ನೂರು ಉಳೀತು, ಲಾಭನೇ ಅಲ್ಲೇನ್ರಿ?" ಎಂದು ನಕ್ಕ. ಕೌಸಲ್ಯಾಬಾಯಿ ಸ್ಲಿಪ್ಪನ್ನು ಹಣೆಗೆ ಒತ್ತಿಕೊಂಡು, "ಸರ್ಕಾರನೂ ಒಪ್ಪಕೊಂಡ್ತು ನೋಡ್ರಿ, ನಾವು ಖರೇ ಬಡವರಂತ," ಎಂದಳು.

ಅವತ್ತು ಕ್ಯಾಂಟೀನಿನಲ್ಲಿ ಒಪ್ಪದೆ ಎದ್ದು ನಿಂತವಳು ದಾನಮ್ಮಕ್ಕ ಒಬ್ಬಳೇ. ಔರಾದಿನಿಂದ ದಿನಾ ಬಸ್ಸಿಗೆ ಬರುವವಳು. ಅಲ್ಲಿಗೆ ರೈಲಿಲ್ಲ, ಕಂಪನಿಯ ಗಾಡಿಯನ್ನೂ ಅದೇ ತಿಂಗಳು ನಿಲ್ಲಿಸಿದ್ದರು. ನಾಲ್ಕು ಸಾವಿರ ಹೋಗಿ, ಬಸ್ಸಿನ ದುಡ್ಡೂ ಹೋದರೆ ಏನು ಉಳಿಯುತ್ತದೆ ಎಂದು ಅವಳು ಗಟ್ಟಿಯಾಗಿ ಕೇಳಿದಳು. ಇನ್ನೂ ಆರು ಜನರ ಮನಸ್ಸು ತಿರುಗಿಸಿ, ಅವರನ್ನು ಕರೆದುಕೊಂಡು ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗುವವಳಿದ್ದಳು. ಆ ಭಾನುವಾರ ಆರಾಧನೆ ತಪ್ಪಿಸಿ ನಾನೇ ಔರಾದಕ್ಕೆ ಹೋದೆ.

ದಾನಮ್ಮಕ್ಕ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಇನ್ನೂ ಹಸಿಯಿರುವಾಗಲೇ ನನಗೆ ರೊಟ್ಟಿ ಬಡಿದಳು. ಪುಂಡಿಪಲ್ಲೆ ಹಾಕಿದಳು. ನಾನು ಉಣ್ಣುತ್ತ ಮಾರ್ಕಣ್ಣನ ಬಗ್ಗೆ ಹೇಳಿದೆ. ಅವನ ತಂದೆ ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿ ತಿರುಗಿದವರು, ಅವನು ಸುಳ್ಳು ಹೇಳುವ ಮನೆತನದವನಲ್ಲ, ತನ್ನದನ್ನೂ ಕಡಿಸಿಕೊಂಡಿದ್ದಾನೆ.

ದಾನಮ್ಮಕ್ಕ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ನಿಮ್ ಮಾರ್ಕ ಸರ್ ಮ್ಯಾಲ ನನಗ ಭರೋಸಾ ಇಲ್ಲ, ತಂಗಿ," ಎಂದಳು. "ನಿನ್ ಮ್ಯಾಲ ಅದ. ನೀ ಹೇಳ್ತಿ ಅಂದ್ರ ಆಯ್ತು."

ಅವಳು ಕಾರ್ಮಿಕ ಕಚೇರಿಗೆ ಹೋಗಲಿಲ್ಲ.

ಅದಾಗಿ ನಾಲ್ಕು ವರ್ಷ. ಹೋಟೆಲುಗಳು ತೆರೆದವು. ಮದುವೆಗಳು ಶುರುವಾದವು. ಗೋಡೌನು ಖಾಲಿಯಾಯಿತು, ಹೊಸ ಮಷಿನ್ನು ಬಂತು, ಎರಡು ಪಾಳಿ ನಡೆಯತೊಡಗಿದವು. ಮಾಲಕರು ಹೈದರಾಬಾದಿನಿಂದ ಹೊಸ ಗಾಡಿಯಲ್ಲಿ ಬಂದರು, ಹಳೆಯ ಗಾಡಿಯನ್ನು ಅವರ ಮಗ ಓಡಿಸಿಕೊಂಡು ಬಂದ. ನಮ್ಮ ನಾಲ್ಕು ಸಾವಿರ ಬರಲಿಲ್ಲ. ಕೇಳಿದಾಗೆಲ್ಲ ಮಾರ್ಕಣ್ಣ ಎರಡು ಕೈ ಎತ್ತಿ ತೋರಿಸುತ್ತಿದ್ದ. "ನಂದು ಬಂದಾದೇನ? ನಂದೂ ಬಂದಿಲ್ಲ. ತಡೀರಿ." ಅವನದೂ ಬಂದಿಲ್ಲವಲ್ಲ ಎಂಬುದೇ ನಮಗೆ ಒಂದು ಸಮಾಧಾನ. ಹಸಿದವರು ಇನ್ನೊಬ್ಬ ಹಸಿದವನನ್ನು ನೋಡಿ ತಾಳುತ್ತಾರೆ.

ಈಗ ಹೊಸ ಕರಾರು ಬಂದಿತ್ತು. ಮುಂದಿನ ಮೂರು ವರ್ಷ ಹನ್ನೆರಡೂವರೆ ಸಾವಿರ, ಹಳೆಯ ಕಡಿತದ ಬಗ್ಗೆ ಇನ್ನು ಮೇಲೆ ಯಾವ ತಕರಾರೂ ಇಲ್ಲ. ಸೋಮವಾರ ಹನ್ನೊಂದು ಗಂಟೆಗೆ ಸಹಿ. ಹೆಂಗಸರ ಪರವಾಗಿ ಒಳಗೆ ಹೋಗಿ ಮಾತಾಡುವವಳು ನಾನು. "ಮಾರ್ಕ ಸರ್ ತಮ್ಮದನ್ನೂ ಬಿಟ್ಟು ಸೈ ಹಾಕಲಿಕ್ಕತ್ಯಾರ," ಎಂದು ಶನಿವಾರವಷ್ಟೇ ಎಲ್ಲರಿಗೂ ಹೇಳಿ ಒಪ್ಪಿಸಿ ಬಂದಿದ್ದೆ.

ಭಾನುವಾರ ಪಾಸ್ಟರು ಏಳು ಸಾವಿರದ ನಾಲ್ಕು ನೂರು ಎಂದು ಓದಿದರು.

ಇದರಲ್ಲಿ ತಪ್ಪಲು ಜಾಗವೂ ಇರಲಿಲ್ಲ. ನಮ್ಮ ಓಣಿಯ ಶುಕ್ರವಾರದ ಪ್ರಾರ್ಥನೆಕೂಟದಲ್ಲಿ ಒಮ್ಮೆ ಯಾರೋ ಕೇಳಿದ್ದರು: ದಶಮಾಂಶ ಕೊಡುವುದು ಕೈಗೆ ಬರುವ ಪಗಾರದ ಮೇಲೋ, ಪೂರ್ತಿ ಪಗಾರದ ಮೇಲೋ? ಮಾರ್ಕಣ್ಣನೇ ಉತ್ತರ ಕೊಟ್ಟಿದ್ದ. "ಕಡಿತಕ್ಕ ಮೊದಲಿಂದರ ಮ್ಯಾಲ. ಟ್ಯಾಕ್ಸು, ಪಿಎಫ್ಫು, ಲೋನು, ಎಲ್ಲಾ ಆಮ್ಯಾಲ. ಸ್ಲಿಪ್ಪಿನ ಮ್ಯಾಲಿನ ಸಾಲು ನೋಡ್ರಿ, ತಳಗಿಂದಲ್ಲ. ಸರ್ಕಾರ ತಗೊಂಡು ಉಳಿಸಿದ್ರಾಗ ದೇವರಿಗಿ ಕೊಡ್ತೀರೇನ? ದೇವರು ಸರ್ಕಾರದ ಹಿಂದ ಪಾಳಿ ಹಚ್ಚಬೇಕೇನ?"

ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು ನಡೆಯಿತು. ಜನ ದೇವರಿಗೆ ತಂದ ಬೆಳೆಯನ್ನು ಅಲ್ಲಿ ಕೂಗುತ್ತಾರೆ. ಒಂದು ಕುಂಬಳಕಾಯಿ ಆರು ನೂರಕ್ಕೆ ಹೋಯಿತು. ಒಂದು ಕೆಂಪು ಕೋಳಿ ಹದಿಮೂರು ನೂರಕ್ಕೆ ಮಾರ್ಕಣ್ಣನ ಕೈಗೆ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವನು ಕೋಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಿದಾಗ ಎದುರಿಗೆ ನಾನು ನಿಂತಿದ್ದೆ.

"ಏ ಕ್ಯಾರೊಲಿನಾ! ನೀ ಇಲ್ಲಿ?"

"ಎಲಿಜಬೆತಕ್ಕನ ಕೂಸಿನ ದೀಕ್ಷಾಸ್ನಾನ ಇತ್ರಿ."

"ಛಲೋ ಆಯ್ತು. ಉಂಡು ಹೋಗು ಮತ್ತ."

"ಏಳು ಸಾವಿರದ ನಾಲ್ಕು ನೂರು ಅಂದ್ರಲ್ರಿ ಪಾಸ್ಟರು."

ಕೋಳಿ ರೆಕ್ಕೆ ಬಡಿಯಿತು. ಅವನು ಅದನ್ನು ಅಮುಕಿ ಹಿಡಿದ. "ಆ ಮನಷ್ಯಾ ಹೇಳದ ಕೇಳದ ಓದಿಬಿಟ್ಟ. ಬಲಗೈ ಕೊಟ್ಟದ್ದು ಎಡಗೈಗಿ ಗೊತ್ತಾಗಬಾರದು. ನಾ ಹೇಳ್ತೇನಿ ಅವರಿಗಿ."

"ಕಡಿತಕ್ಕ ಮೊದಲಿಂದರ ಮ್ಯಾಲೇನ್ರಿ ಅದು?"

"ಮತ್ತ?" ಎಂದ. ನಿಜವಾಗಿಯೂ ನೋವಾದ ದನಿ. "ದೇವರ ಮುಂದ ನಾ ಒಂದ್ ರೂಪಾಯಿ ಮುಚ್ಚಿಟ್ಟಿಲ್ಲ. ಇಪ್ಪತ್ತು ವರ್ಷದಾಗ ಒಂದ್ ತಿಂಗಳ ತಪ್ಪಿಸಿಲ್ಲ."

ಇದನ್ನು ನಾನು ಎಷ್ಟು ಸಲ ಯೋಚಿಸಿದ್ದೇನೋ ಲೆಕ್ಕವಿಲ್ಲ. ಅವನು ಮೂರು ಸಾವಿರದ ಇನ್ನೂರು ಹಾಕಿದ್ದರೆ ಯಾವ ಪಾಸ್ಟರು ಓದಿದರೂ ಅವನು ಸಿಕ್ಕಿಬೀಳುತ್ತಿರಲಿಲ್ಲ. ಅಷ್ಟು ಸಣ್ಣ ಸುಳ್ಳು ಅವನಿಗೆ ಹೊಳೆಯಲೇ ಇಲ್ಲ.

"ನಮಗ ಮೂವತ್ತೆರಡು ಅಂದಿದ್ರಿ."

ಅವನು ಸುತ್ತ ನೋಡಿದ. ನನ್ನನ್ನು ಹುಣಸೆಮರದ ಕಡೆಗೆ ಕರೆದುಕೊಂಡು ಹೋದ. ಕೋಳಿಯ ತಲೆ ನನ್ನ ಕಡೆಗಿತ್ತು.

"ಹಂಗ ಹೇಳಂತ ಮ್ಯಾಲಿಂದ ಹೇಳಿದ್ರು," ಎಂದ. "ನನ್ನ ಪಗಾರ ಕಡಿದಿಲ್ಲ ಅಂತ ಗೊತ್ತಾಗಿದ್ರ ನೀವು ಒಪ್ಪತಿದ್ರೇನ? ಒಪ್ಪದಿದ್ರ ಗೇಟಿಗಿ ಬೀಗ. ಮೂವತ್ತೆಂಟು ಮನಿ ಒಲಿ ಆರತಿತ್ತು. ಆ ಒಂದ್ ಮಾತಿನ್ಯಾಗ ನಿಮ್ ಒಲಿ ಉರದಾವ. ನೀ ಬ್ಯಾರೆ ಹ್ಯಾಂಗರ ತಿಳ್ಕೋ."

"ಆರ್ಡರ್ ಬಂದು ಎರಡು ವರ್ಷ ಆಯ್ತಲ್ರಿ ಅಣ್ಣಾ."

"ಬಂದಾವ. ನನ್ ಕೆಲಸನೂ ಎರಡರಷ್ಟ ಆಗ್ಯಾದ. ಎರಡ್ ಪಾಳಿ ನೋಡ್ತೇನಿ. ಟ್ಯಾಕ್ಸ್ ಎಷ್ಟ ಹೋಗ್ತದ ಗೊತ್ತದೇನ ನಿನಗ? ತಿಂಗಳಿಗಿ ಎರಡೂವರಿ ಸಾವಿರದ ಮ್ಯಾಲ. ನಿಮಗ ಆ ಕಾಟರ ಇಲ್ಲ."

ನನಗೆ ನಗು ಬಂತು. ಕಾಟವಿಲ್ಲದವಳಂತೆ ನಕ್ಕೆ. ಅವನಿಗೆ ಸಿಟ್ಟು ಬಂತು.

"ನಾಳಿ ಹನ್ನೊಂದಕ್ಕ ಸೈ," ಎಂದ. ದನಿ ತಗ್ಗಿತ್ತು, ಗೇಟಿನ ಒಳಗಿನ ದನಿ. "ಹೆಂಗಸರನ್ನ ನೀ ಸಂಭಾಳಿಸಬೇಕು. ನಿನ್ ಹದಿನೈದು ನೂರು ಹಂಗೇ ನಡೀತದ, ನಾ ನೋಡ್ಕೋತೇನಿ. ಇಲ್ಲಂದ್ರ ನಂದು ಓದಿದ ಮ್ಯಾಲ ನಿಂದೂ ಓದಬೇಕಾಗ್ತದ."

ಹದಿನೈದು ನೂರು. ಅದನ್ನು ಇಲ್ಲಿಯ ತನಕ ನಾನು ಹೇಳಿಲ್ಲ. ಯಾರಿಗೂ ಹೇಳಿಲ್ಲ.

ಕಡಿತ ಶುರುವಾದ ತಿಂಗಳಿನಿಂದ ನನಗೆ ಲೈನ್ ಲೀಡರ್ ಎಂದು ಒಂದೂವರೆ ಸಾವಿರ ಬೇರೆ ಬರುತ್ತದೆ. ಸ್ಲಿಪ್ಪಿನಲ್ಲಿ ಅದಿಲ್ಲ. ಬೇರೆ ವೋಚರಿನ ಮೇಲೆ ಸಹಿ ಹಾಕಿಸಿಕೊಂಡು ಆಫೀಸಿನಲ್ಲಿ ಕೊಡುತ್ತಾರೆ. ಲೈನ್ ಲೀಡರ್ ಎಂಬ ಕೆಲಸ ನಮ್ಮಲ್ಲಿಲ್ಲ. ನಾನು ಉಳಿದವರ ಹಾಗೆಯೇ ಸ್ಟೂಲಿನ ಮೇಲೆ ಕೂತು ಸೋಪು ಸುತ್ತುತ್ತೇನೆ. ಮಗಳು ಜೆನಿಫರಳ ಸಾಲೆಯ ಫೀಸಿಗೆ ಆಯಿತು, ಜಾನಿಯ ಆಟೋ ರಿಪೇರಿಗೆ ಆಯಿತು. ಜಾನಿಗೆ ಅದು ಓವರ್‌ಟೈಮ್ ಎಂದು ಹೇಳಿದ್ದೆ.

ಭಾಲ್ಕಿಯಿಂದ ಬೀದರಿಗೆ ಬರುವ ಬಸ್ಸಿನಲ್ಲಿ ನನ್ನ ಲಕೋಟೆಯ ನೆನಪಾಯಿತು. ಅರವತ್ತೊಂದು ನಂಬರಿನ ಲಕೋಟೆಯಲ್ಲಿ ಪ್ರತಿ ತಿಂಗಳೂ ಹನ್ನೊಂದು ನೂರ ಐವತ್ತು ಹಾಕುತ್ತೇನೆ. ಹನ್ನೊಂದೂವರೆ ಸಾವಿರದ ಹತ್ತನೆಯ ಪಾಲು. ಸರಿಯಾದ ಲೆಕ್ಕ ಹದಿಮೂರು ನೂರು. ಮಾರ್ಕಣ್ಣ ಮನುಷ್ಯರಿಗೆ ಸುಳ್ಳು ಹೇಳಿ ದೇವರಿಗೆ ನಿಜ ಹೇಳಿದ್ದ. ನಾನು ಇಬ್ಬರಿಗೂ ಹೇಳಿರಲಿಲ್ಲ. ಮೋಸಹೋದೆ ಎಂದು ಕುದಿಯುತ್ತ ಬಸ್ಸು ಹತ್ತಿದವಳು ಹಲಬರ್ಗಾ ದಾಟುವ ಹೊತ್ತಿಗೆ ಯಾರ ಮೇಲೆ ಕುದಿಯಬೇಕೆಂದು ಗೊತ್ತಾಗದೆ ಕಿಟಕಿಯ ಗಾಜನ್ನು ಎಳೆಯುತ್ತ ಕೂತೆ. ಅದು ಅರ್ಧಕ್ಕೆ ಸಿಕ್ಕಿಕೊಂಡಿತ್ತು.

"ಸೀಟ ಬದ್ಲಿ ಮಾಡ್ರಿ ಬಾಯಿ," ಎಂದ ಕಂಡಕ್ಟರ್. "ಅದು ಹೋದ ವರ್ಷದಿಂದ ಹಂಗೇ ಅದ."

ಸೋಮವಾರ ಪಾಳಿ ಶುರುವಾಗುವ ಮೊದಲು ಎಲ್ಲರನ್ನೂ ಕ್ಯಾಂಟೀನಿಗೆ ಕರೆದೆ. ದಾನಮ್ಮಕ್ಕ ಔರಾದಿನ ಬಸ್ಸಿಳಿದು, ಶೇರ್ ಆಟೋದಲ್ಲಿ ಬಂದು, ಉಸಿರು ಬಿಡುತ್ತ ಎಲ್ಲರಿಗಿಂತ ಕೊನೆಗೆ ಕೂತಳು. ಮಾರ್ಕಣ್ಣನ ವಿಷಯವಷ್ಟನ್ನೇ ಹೇಳಬೇಕೆಂದು ರಾತ್ರಿಯೇ ನಿರ್ಧರಿಸಿದ್ದೆ. ಅಷ್ಟನ್ನೇ ಹೇಳಿದೆ. ಭಾಲ್ಕಿ, ಪಾಸ್ಟರು, ಏಳು ಸಾವಿರದ ನಾಲ್ಕು ನೂರು.

ಉಳಿದವರಿಗೆ ಅರ್ಥವಾಗಲಿಲ್ಲ. ದಶಮಾಂಶ ಎಂದರೇನೆಂದು ಹೇಳಬೇಕಾಯಿತು. ಹೇಳಿದ ಮೇಲೆ ಮೂವತ್ತೇಳು ತಲೆಗಳು ಸೊನ್ನೆ ಇಡುತ್ತಿದ್ದವು.

"ಎಪ್ಪತ್ನಾಲ್ಕು ಸಾವಿರ!" ಕೌಸಲ್ಯಾಬಾಯಿ ಎದ್ದು ನಿಂತಳು. "ಅವನ ಬಾಯಾಗ ಹುಳ ಬೀಳ್ಲಿ! ನಾಲ್ಕು ವರ್ಷ ಎರಡ್ ಕೈ ಎತ್ತಿ ತೋರ್ಸ್ಯಾನಲ್ಲವ್ವಾ, ಖಾಲಿ ಅಂತ! ನಾ ಒಂದ್ಸಲ ಚಾಕ್ಕ ಹತ್ತು ರೂಪಾಯಿ ಕೊಟ್ಟೀನಿ ಅವನಿಗಿ, ಪಾಪ, ಪಗಾರ ಕಡಿದಾರಂತ!"

ಯಾರೋ ನಕ್ಕರು. ನಗು ಬಂದದ್ದಕ್ಕೆ ಸಿಟ್ಟು ಇನ್ನೂ ಏರಿತು. ಸಹಿ ಹಾಕುವುದಿಲ್ಲ ಎಂದು ಒಬ್ಬಳು, ಮಷಿನ್ನು ನಿಲ್ಲಿಸೋಣ ಎಂದು ಇನ್ನೊಬ್ಬಳು. ಮುಂದಿನ ವಾರ ದೊಡ್ಡ ಆರ್ಡರಿನ ಲಾರಿ ಹೋಗಬೇಕಾಗಿತ್ತು. ನಾವು ಎರಡು ದಿನ ಕೈ ಕಟ್ಟಿ ಕೂತರೆ ಲಾರಿ ಖಾಲಿ ನಿಲ್ಲುತ್ತದೆ. ಈ ಬಲ ನಮ್ಮ ಕೈಯಲ್ಲಿದೆ ಎಂದು ಎಲ್ಲರಿಗೂ ಒಟ್ಟಿಗೇ ಹೊಳೆದಂತಾಯಿತು. ಈಗ ಕೇಳಿದರೆ ನಾಲ್ಕು ಸಾವಿರ ಸಿಗಬಹುದು, ಸಹಿ ಬಿದ್ದರೆ ಮೂರು ವರ್ಷ ಬಾಯಿ ಬಂದ್.

"ಕ್ಯಾರೊಲಿನ ಒಳಗ ಹೋಗ್ಲಿ," ಎಂದಳು ಕೌಸಲ್ಯಾಬಾಯಿ. "ಹಿಡದಾಕಿ ಅಕಿನೇ. ಮುಖದ ಮ್ಯಾಲ ಹೇಳ್ಲಿ. ಹುಲಿ ಅದಾಳ ನಮ್ ಹುಡುಗಿ!"

ನನ್ನ ಬೆನ್ನಿನ ಮೇಲೆ ಕೈಗಳು ಬಿದ್ದವು. ಯಾರೋ ನನ್ನ ಗಲ್ಲ ಹಿಡಿದು ಅಲುಗಾಡಿಸಿದರು. ಎದುರಿಗೆ ದಾನಮ್ಮಕ್ಕ ಸುಮ್ಮನೆ ನನ್ನನ್ನೇ ನೋಡುತ್ತ, "ಶಾಣ್ಯಾಕಿ," ಎಂದಳು.

ಒಳಗೆ ಏನಾಗುತ್ತದೆಂದು ನನಗೆ ಕಾಣುತ್ತಿತ್ತು. ನಾನು ಎಪ್ಪತ್ತನಾಲ್ಕು ಎನ್ನುತ್ತೇನೆ. ಮಾರ್ಕಣ್ಣ ಅವಿನಾಶ ಸರ್ ಕಡೆ ನೋಡುತ್ತಾನೆ. ಅವಿನಾಶ ಸರ್ ನನ್ನ ಸಹಿಯಿರುವ ವೋಚರುಗಳ ಕಟ್ಟನ್ನು ಟೇಬಲ್ಲಿನ ಮೇಲೆ ಇಡುತ್ತಾನೆ, ಬಾಗಿಲು ತೆರೆದು ಹೊರಗಿನವರನ್ನು ಕರೆದು ತೋರಿಸುತ್ತಾನೆ. ಆ ಗಳಿಗೆಯಲ್ಲಿ ಮೂವತ್ತೇಳು ಜನ ಕಂಪನಿಯನ್ನು ಬಿಟ್ಟು ನನ್ನ ಮೇಲೆ ತಿರುಗುತ್ತಾರೆ. ಹನ್ನೊಂದೂವರೆಯ ಹೊತ್ತಿಗೆ ಒಬ್ಬರನ್ನೊಬ್ಬರು ನೋಡದೆ ಎಲ್ಲರೂ ಸಹಿ ಹಾಕಿರುತ್ತಾರೆ. ಆ ವೋಚರು ಇದ್ದದ್ದೇ ಇದಕ್ಕೆ. ನನ್ನನ್ನು ಕೊಂಡದ್ದು ನನಗಾಗಿ ಅಲ್ಲ, ಇಂಥ ಒಂದು ದಿನಕ್ಕಾಗಿ.

"ನಾ ಒಳಗ ಹೋಗಂಗಿಲ್ಲ," ಎಂದೆ.

"ಯಾಕ? ಅಂಜ್ತಿಯೇನ?"

"ನನಗೂ ಕೊಡ್ತಾರ. ತಿಂಗಳಿಗಿ ಹದಿನೈದು ನೂರು. ಬ್ಯಾರೆ."

ಬೆನ್ನಿನ ಮೇಲಿದ್ದ ಒಂದು ಕೈ ಇನ್ನೂ ಅಲ್ಲೇ ಇತ್ತು. ಅದು ಯಾರದೆಂದು ತಿರುಗಿ ನೋಡಲಿಲ್ಲ. ನಿಧಾನಕ್ಕೆ ಅದು ಹೋಯಿತು.

"ಯಾವಾಗಿಂದ?" ಎಂದು ಕೌಸಲ್ಯಾಬಾಯಿ ಕೇಳಿದಳು.

"ಮೊದಲಿಂದ."

ಆಮೇಲೆ ಬಂದ ಬೈಗುಳಗಳನ್ನು ಬರೆಯುವುದಿಲ್ಲ. ಮಾರ್ಕಣ್ಣನಿಗೆ ಬಿದ್ದವುಗಳಿಗಿಂತ ಅವು ಸಣ್ಣ ದನಿಯಲ್ಲಿದ್ದವು. ಅದೇ ಹೆಚ್ಚು ಕೇಳಿಸಿತು. ಕೌಸಲ್ಯಾಬಾಯಿ ನನ್ನ ಕಡೆ ನೋಡದೆ, ಪಕ್ಕದವಳಿಗೆ ಹೇಳುವಂತೆ, "ಹುಲಿ ಅಂದ್ನಲ್ಲವ್ವಾ ನಾ," ಎಂದಳು. "ಬೆಕ್ಕು. ಅದೂ ಹಾಲಿನ ಬೆಕ್ಕು."

ದಾನಮ್ಮಕ್ಕ ಕೈ ಎತ್ತಿದಳು. ಎಲ್ಲರೂ ಸುಮ್ಮನಾದರು. ಅವಳ ಮಾತಿಗೆ ಇಷ್ಟು ತೂಕವಿದೆಯೆಂದು ಅವತ್ತಿನವರೆಗೆ ಯಾರೂ ನೋಡಿರಲಿಲ್ಲ, ಯಾಕೆಂದರೆ ಮಾತಾಡುವವಳು ಯಾವಾಗಲೂ ನಾನಾಗಿದ್ದೆ.

"ಒಂದ್ ಮಾತ ಕೇಳ್ತೇನಿ," ಎಂದಳು. "ಅವತ್ತ ನಮ್ಮನಿಗಿ ಬಂದಿದ್ದಿ. ಅವತ್ತ ನಿನಗ ಇದು ಗೊತ್ತಿತ್ತೇನ?"

ಗೊತ್ತಿರಲಿಲ್ಲ ಎನ್ನಬಹುದಿತ್ತು. ಮೊದಲ ವೋಚರಿಗೆ ಸಹಿ ಹಾಕಿದ್ದು ಅದಾಗಿ ಮೂರು ವಾರಕ್ಕೆ. ಆದರೆ ಔರಾದಕ್ಕೆ ಹೋಗುವ ಎರಡು ದಿನ ಮೊದಲು ಮಾರ್ಕಣ್ಣ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, ನಿನಗೇನಾದರೂ ಮಾಡಿಸುತ್ತೇನೆ, ದಾನಮ್ಮನನ್ನು ಒಂದು ಮಾತು ಒಪ್ಪಿಸಿ ಬಾ ಎಂದಿದ್ದ. ಏನು ಎಂದು ನಾನು ಕೇಳಿದ್ದೆ. ಅವನು ಅಂಕಿಯನ್ನೂ ಹೇಳಿದ್ದ.

"ಗೊತ್ತಿತ್ತು."

"ನನ್ನ ರೊಟ್ಟಿ ಉಣ್ಣೂವಾಗ?"

"ಹೂಂ."

ದಾನಮ್ಮಕ್ಕ ತಲೆಯಾಡಿಸಿದಳು. ಬೈಯಲಿಲ್ಲ. ಚೀಲದಿಂದ ಒಂದು ನೋಟ್‌ಬುಕ್ಕು ತೆಗೆದಳು. ಅವಳ ಮೊಮ್ಮಗಳದಿರಬೇಕು, ರಟ್ಟಿನ ಮೇಲೆ ಚಿಟ್ಟೆಯ ಚಿತ್ರವಿತ್ತು. ನಡುವಿನ ಎರಡು ಹಾಳೆ ಹರಿದು ನನ್ನ ಮುಂದಿಟ್ಟಳು.

"ಬರಿ," ಎಂದಳು. "ಬರ್ಯಾಕ ಬರೂದು ನಿನಗೇ. ನಾವು ಕರಾರಿಗಿ ಸೈ ಹಾಕಂಗಿಲ್ಲ. ಕಡಿದ ನಾಲ್ಕು ಸಾವಿರ ಈ ತಿಂಗಳಿಂದ ಪಗಾರದಾಗ ವಾಪಸ್ ಬರಬೇಕು. ಔರಾದದ ಗಾಡಿ ಚಾಲೂ ಆಗಬೇಕು. ಇಲ್ಲಂದ್ರ ನಾಳಿಂದ ಪ್ಯಾಕಿಂಗ್ ಬಂದ್. ಇಷ್ಟೇ. ತಳಗ ಎಲ್ಲಾರ ಹೆಸರು."

ಬರೆದೆ. ಮೇಲಿನಿಂದ ಶುರುಮಾಡಿ ಒಬ್ಬೊಬ್ಬರ ಹೆಸರು ಬರೆಯುತ್ತ ಹೋದೆ. ಬರೆದಂತೆ ಒಬ್ಬೊಬ್ಬರೇ ಬಂದು ತಮ್ಮ ಹೆಸರಿನ ಮುಂದೆ ಸಹಿ ಹಾಕಿದರು, ಇಬ್ಬರು ಹೆಬ್ಬೆಟ್ಟು ಒತ್ತಿದರು. ಸಹಿ ಹಾಕುವಾಗ ಯಾರೂ ನನ್ನ ಭುಜಕ್ಕೆ ತಾಗದಂತೆ ನಿಲ್ಲುತ್ತಿದ್ದರು. ಮೂವತ್ತೇಳನೆಯ ಹೆಸರು ದಾನಮ್ಮಕ್ಕನದು. ಅವಳು ಸಹಿ ಹಾಕಿದ ಮೇಲೆ ನಾನು ಕೆಳಗೆ ಮೂವತ್ತೆಂಟು ಎಂದು ಅಂಕಿ ಬರೆದೆ.

"ಸಾಕು," ಎಂದಳು ದಾನಮ್ಮಕ್ಕ.

ಹಾಳೆಯನ್ನು ನನ್ನ ಕೈಯ ಕೆಳಗಿನಿಂದ ಎಳೆದುಕೊಂಡಳು. ಅಂಕಿ ಅಲ್ಲೇ ಉಳಿಯಿತು, ಮುಂದೆ ಏನೂ ಇಲ್ಲದೆ.

ಹನ್ನೊಂದಕ್ಕೆ ದಾನಮ್ಮಕ್ಕ ಮತ್ತು ಕೌಸಲ್ಯಾಬಾಯಿ ಆಫೀಸಿನ ಒಳಗೆ ಹೋದರು. ಉಳಿದವರು ವರಾಂಡದಲ್ಲಿ ನಿಂತರು. ನಾನು ಅವರ ಹಿಂದೆ, ನೀರಿನ ಡ್ರಮ್ಮಿನ ಪಕ್ಕ. ಕಿಟಕಿ ತೆರೆದಿತ್ತು. ಮೊದಲು ಅವಿನಾಶ ಸರ್ ದನಿ, ಮೆತ್ತಗೆ. ಹಾಳೆ ಸರಿದ ಸದ್ದು. ಎಪ್ಪತ್ತನಾಲ್ಕು ಎಂದು ಕೌಸಲ್ಯಾಬಾಯಿಯ ಕೂಗು. ಆಮೇಲೆ ಮಾರ್ಕಣ್ಣ.

"ನಿಮ್ಮ ಕ್ಯಾರೊಲಿನ ಬಂದಿಲ್ಲೇನ? ಅಕಿನ್ನೂ ಒಂದ್ ಮಾತ ಕೇಳ್ರಿ. ಅಕಿಗಿ ತಿಂಗಳಾ ತಿಂಗಳಾ ಎಷ್ಟ ಮುಟ್ಟತದ ಅಂತ..."

"ಗೊತ್ತದರಿ ಸರ್," ಎಂದಳು ದಾನಮ್ಮಕ್ಕ. "ಅಕಿದು ನಮಗ ಅಕಿನೇ ಹೇಳ್ಯಾಳ. ನಿಮ್ದು ಹೇಳ್ರಿ."

ಒಳಗೆ ಕುರ್ಚಿ ಸರಿದ ಸದ್ದಾಯಿತು. ವರಾಂಡದಲ್ಲಿ ನಿಂತವರಲ್ಲಿ ಒಬ್ಬಳು ಹಿಂದಿರುಗಿ ನನ್ನ ಕಡೆ ನೋಡಿದಳು, ಆಮೇಲೆ ಮತ್ತೆ ಕಿಟಕಿಯ ಕಡೆ ತಿರುಗಿದಳು.

ಮುಕ್ಕಾಲು ಗಂಟೆಯ ನಂತರ ಇಬ್ಬರೂ ಹೊರಗೆ ಬಂದರು. ಸಹಿ ಆಗಿರಲಿಲ್ಲ. ಹೈದರಾಬಾದಿಗೆ ಫೋನು ಹೋಗಿತ್ತು. ಎರಡು ಸಾವಿರ ಈ ತಿಂಗಳಿನಿಂದಲೇ, ಉಳಿದದ್ದು ಏಪ್ರಿಲಿನಲ್ಲಿ ಎಂದು ಮಾಲಕರು ಹೇಳಿದ್ದಾರೆ, ಬರೆದು ಕೊಡುವ ತನಕ ಮಷಿನ್ನು ಮುಟ್ಟುವುದಿಲ್ಲ ಎಂದು ತಾನು ಹೇಳಿದ್ದೇನೆ ಎಂದಳು ದಾನಮ್ಮಕ್ಕ. ಎಲ್ಲರೂ ಒಮ್ಮೆಲೇ ಮಾತಾಡತೊಡಗಿದರು. ಒಬ್ಬಳು ಅತ್ತಳು. ಎಲ್ಲರೂ ಕ್ಯಾಂಟೀನಿನ ಕಡೆ ಹೊರಟರು.

ನಾನು ಡ್ರಮ್ಮಿನ ಪಕ್ಕದಲ್ಲೇ ನಿಂತೆ. ದಾನಮ್ಮಕ್ಕ ನನ್ನ ಮುಂದೆ ಹಾದುಹೋಗುವಾಗ ನಡಿಗೆ ನಿಧಾನ ಮಾಡಿದಳು.

"ನಂದೂ ಹೆಸರು ಹಾಕ್ಬೇಕಿತ್ತಕ್ಕ," ಎಂದೆ. "ನನಗೂ ನಾಲ್ಕು ಸಾವಿರ ಕಡಿದಾರ."

"ಕಡಿದಾರ, ಖರೆ," ಎಂದಳು. ಈ ಸಲ ತಂಗಿ ಎನ್ನಲಿಲ್ಲ. "ಹೋಗಿ ಕೇಳ್ಕೋ. ನಾವೇನ್ ಬ್ಯಾಡ ಅನ್ನಂಗಿಲ್ಲ. ಒಬ್ಬಾಕಿನೇ ಕೇಳಿದ್ರ ನಿನಗ ಕೊಡ್ತಾರಲ್ಲ, ರೂಢಿ ಅದ."

ಅವಳು ಕ್ಯಾಂಟೀನಿಗೆ ಹೋದಳು. ಕಿಟಕಿಯ ಒಳಗಿನಿಂದ ಮಾರ್ಕಣ್ಣ ನನ್ನನ್ನು ನೋಡಿದ. ಅವನ ಮುಖದ ಮೇಲೆ ಸಿಟ್ಟು ಇರಲಿಲ್ಲ. ಬಾ ಎನ್ನುವಂತೆ ತಲೆಯಾಡಿಸಿದ, ಪ್ರಾರ್ಥನೆಕೂಟಕ್ಕೆ ತಡವಾಗಿ ಬಂದವರಿಗೆ ಪಕ್ಕದಲ್ಲಿ ಜಾಗ ತೋರಿಸುವ ಹಾಗೆ. ಅವಿನಾಶ ಸರ್ ಅವನ ಪಕ್ಕದ ಕುರ್ಚಿಯನ್ನು ಹಿಂದಕ್ಕೆ ಎಳೆದಿಟ್ಟ.

ನಾನು ಒಳಗೆ ಹೋಗಲಿಲ್ಲ. ಕ್ಯಾಂಟೀನಿಗೂ ಹೋಗಲಿಲ್ಲ. ಪ್ಯಾಕಿಂಗ್ ಹಾಲಿಗೆ ಹೋಗಿ ನನ್ನ ಸ್ಟೂಲಿನ ಮೇಲೆ ಕೂತೆ. ಬೆಲ್ಟು ನಿಂತಿತ್ತು. ಅದರ ಮೇಲೆ ಸುತ್ತದೆ ಬಿಟ್ಟ ಸೋಪುಗಳು ಸಾಲಾಗಿ ಬಿದ್ದಿದ್ದವು. ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡೆ, ಒಂದನ್ನೂ ಮುಟ್ಟದಂತೆ.